ಏಣಿ ಹಿಡಿದವರು

ಜನವರಿ 3, ಶುಕ್ರವಾರ

ಇಂಪನಾ ನನ್ನ ಪ್ರಬಂಧವನ್ನು ವಾಪಸು ಕೊಟ್ಟಿದ್ದಾಳೆ. ಹುಳಿಯಾರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಹುಡುಗಿ, ನನ್ನ ಮಗಳ ವಾರಿಗೆಯವಳು. ನೋಡಿದರೆ ಇರುವೆಯನ್ನೂ ಗದರಿಸಲಾರಳು ಅನ್ನಿಸುತ್ತದೆ. ಕೈಗೆ ಪೆನ್ಸಿಲ್ ಬಂತೋ, ಮುಗಿಯಿತು. ಮೊದಲನೇ ಪುಟಕ್ಕೆ ಪೂರ್ತಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಗುಂಡಗೆ ಬರೆದಿದ್ದಾಳೆ: 'ಇದನ್ನು ಯಾರು ಬೇಕಾದರೂ ಬರೆಯಬಹುದು ಆಂಟಿ. ಇದರಲ್ಲಿ ನೀವೆಲ್ಲಿ?'

ನಾನೆಲ್ಲಿ ಅಂದರೇನು! 'ಪುರಾಣಪ್ರಸಿದ್ಧವಾದ ಕಲ್ಪವೃಕ್ಷವು ಮನುಕುಲಕ್ಕೆ ಪ್ರಕೃತಿಮಾತೆ ನೀಡಿದ ಅನುಪಮ ಕೊಡುಗೆಯಾಗಿದೆ' ಎಂಬ ಒಂದು ವಾಕ್ಯಕ್ಕೆ ಇಡೀ ಸಂಜೆ ಕೂತಿದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗಿ ಇವರಿಂದ ಅನ್ನಿಸಿಕೊಂಡಿದ್ದೆ. ಹೈಸ್ಕೂಲಿನಲ್ಲಿ ಇಂಥ ವಾಕ್ಯಕ್ಕೇ ನನಗೆ ಸ್ಟೀಲ್ ಲೋಟ ಬಹುಮಾನ ಬಂದಿದ್ದು.

ಸುತ್ತಮುತ್ತಲಿನ ಹೆಂಗಸರು ತಮ್ಮ ಮನೆಯ ಯಾವುದಾದರೂ ಒಂದು ಜಾಗದ ಬಗ್ಗೆ ಬರೆದುಕೊಡಬೇಕು, ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡುತ್ತೇನೆ ಎಂದು ಅವಳ ಯೋಜನೆ. ಅಡುಗೆಮನೆಯನ್ನು ಮೂವರು ಹಿಡಿದುಕೊಂಡರು. ನಾನು ಅಟ್ಟ ಅಂದೆ. ತಿಂಗಳ ಕೊನೆಗೆ ಕೊಡಬೇಕು. ಪ್ರಬಂಧ ತಿದ್ದುವಷ್ಟು ದಿನ ಹೀಗೆ ದಿನಚರಿಯನ್ನೂ ಬರೆಯಿರಿ, ಯಾರಿಗೂ ತೋರಿಸಬೇಡಿ, ಕೈ ಸಡಿಲವಾಗುತ್ತೆ ಎಂದಳು. ಸರಿ, ಕೈ ಸಡಿಲ ಮಾಡಿಕೊಳ್ಳುತ್ತಿದ್ದೇನೆ.

ನಮ್ಮದು ಹಳೇ ಸಾಮಾನು ತುರುಕುವ ಅಟ್ಟವಲ್ಲ, ಕೊಬ್ಬರಿ ಅಟ್ಟ. ಕಿತ್ತ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಮೇಲೆ ಸುರಿದರೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿದ್ದಿದ್ದು, ನೀರು ಇಂಗಿ, ಒಳಗೇ ಉಂಡೆ ಕೊಬ್ಬರಿಯಾಗುತ್ತದೆ. ಅಣ್ಣತಮ್ಮಂದಿರು ಭಾಗವಾದಾಗ ಮನೆಯ ನಡುವೆ ಗೋಡೆ ಎದ್ದಿತು. ಆದರೆ ಗೋಡೆ ಎದ್ದಿದ್ದು ಅಟ್ಟದ ತನಕ ಮಾತ್ರ. ಮೇಲೆ ಅಟ್ಟ ಒಂದೇ. ಮಧ್ಯೆ ಒಂದು ತೆಂಗಿನ ತೊಲೆ ಮಲಗಿಸಿ, ಈ ಕಡೆ ನಮ್ಮದು, ಆ ಕಡೆ ನಮ್ಮ ಭಾವನವರದು ಎಂದು ಮಾಡಿದ್ದಾರೆ.

ಹೋದ ವರ್ಷ ಕಾಯಿ ಇಳಿಸುವಾಗ, ತೊಲೆ ದಾಟಿ ಉರುಳಿದ ಕಾಯಿ ಯಾರದು ಎಂದು ಇವರಿಗೂ ಭಾವನಿಗೂ ಮಾತಿಗೆ ಮಾತು ಬೆಳೆಯಿತು. ಗಂಡಸರು ವಾರದೊಳಗೆ ಮರೆತು ಒಂದೇ ಆಟೋದಲ್ಲಿ ತಿಪಟೂರಿನ ಕೊಬ್ಬರಿ ಹರಾಜಿಗೆ ಹೋದರು. ಅವರವರ ಪರ ನಿಂತ ನಾವು ಹೆಂಗಸರು ಮಾತ್ರ ಇವತ್ತಿಗೂ ಮಾತಾಡಿಲ್ಲ. ಆಚೆ ಮನೆಯವಳ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ.

ಈಗ ಅವಳ ಹಟ ಏನೆಂದರೆ, ಅಟ್ಟಕ್ಕೂ ಹಲಗೆ ಹೊಡೆಸಿ ಪೂರ್ತಿ ಅಡ್ಡ ಹಾಕಿಸಬೇಕಂತೆ. ಸಂಕ್ರಾಂತಿ ಕಳೆದ ಮೇಲೆ ಬಡಗಿ ದುರ್ಗಯ್ಯ ಬರುತ್ತಾನಂತೆ. ಹಾಕಿಸಲಿ, ಯಾರು ಬೇಡ ಅಂದರು? ನನಗೂ ನೆಮ್ಮದಿ.

ಜನವರಿ 5, ಭಾನುವಾರ

ಕಲ್ಪವೃಕ್ಷವನ್ನು ಕಡಿದೆ. ಪ್ರಕೃತಿಮಾತೆಯೂ ಹೋದಳು. ಉಳಿದಿದ್ದನ್ನು ಓದಿದರೆ ಏನೂ ಉಳಿದೇ ಇರಲಿಲ್ಲ.

ಹಾಗಾಗಿ ನಡೆದದ್ದನ್ನೇ ಬರೆಯೋಣ ಎಂದು ಕೂತೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅಟ್ಟ ಹತ್ತಿ ಮೊಳಕೆ ಕಾಯಿ ಕದಿಯುತ್ತಿದ್ದುದನ್ನು ಬರೆದೆ. ಅಟ್ಟದಲ್ಲಿ ಒಂದೊಂದು ಕಾಯಿ ಒಣಗುವ ಬದಲು ಮೊಳೆತುಬಿಡುತ್ತದೆ. ಅದನ್ನು ಒಡೆದರೆ ಒಳಗೆ ಬೆಳ್ಳಗೆ, ಮೆತ್ತಗೆ, ನೀರುಬೆಲ್ಲದಂಥ ಸಿಹಿಯ ಒಂದು ಉಂಡೆ ಇರುತ್ತದೆ. ಅತ್ತೆಗೆ ಅದು ಆಗುತ್ತಿರಲಿಲ್ಲ. ಮೊಳಕೆ ಬಂದ ಕಾಯಿಗೆ ಜೀವ ಬಂದಿದೆ, ಅದನ್ನು ನೆಡಬೇಕೇ ಹೊರತು ಒಡೆಯಬಾರದು, ಒಡೆದವರು ಈ ಮನೆಯ ಸೊಸೆಯಲ್ಲ ಎಂದು ಹೇಳಿಯೇ ಇದ್ದರು. ನಮಗೆ ಅದೇ ಬೇಕಾಗಿತ್ತು.

'ನಮಗೆ' ಎಂದು ಬರೆದುಬಿಟ್ಟಿದ್ದೇನೆ. ಪ್ರಬಂಧದಲ್ಲಿ 'ನನಗೆ' ಎಂದೇ ಇದೆ.

ಜನವರಿ 8, ಬುಧವಾರ

ಹುಳಿಯಾರಿಗೆ ಹೋಗಿ ಎರಡನೇ ಪ್ರತಿ ಕೊಟ್ಟೆ. ಇಂಪನಾ ನನ್ನೆದುರೇ ಓದಿದಳು. ಅವಳು ಓದುವಾಗ ಮುಖ ನೋಡುವುದೆಂದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬೋರ್ಡಿನ ಮುಂದೆ ನಿಂತ ಹಾಗೆ. ಅರ್ಧಕ್ಕೆ ನಕ್ಕಳು. ನನಗೆ ಖುಷಿಯಾಯಿತು. ಆಮೇಲೆ ಪೆನ್ಸಿಲ್ ತೆಗೆದಳು.

"ಆಂಟಿ, ಏಣಿ ಹಿಡಿದೋರು ಯಾರು?"

"ಯಾವ ಏಣಿ?"

"ನೀವೇ ಬರ್ದಿದ್ದೀರಲ್ಲ. ಗಾರೆ ನೆಲ, ಏಣಿ ಜಾರ್ತಿತ್ತು, ಕೆಳಗೆ ಒಬ್ರು ಹಿಡ್ಕೊಳ್ದೆ ಹತ್ತೋಕೇ ಆಗ್ತಿರ್ಲಿಲ್ಲ ಅಂತ. ಮೇಲೆ ಹತ್ತಿದೋರು ನೀವು. ಕೆಳಗೆ ಯಾರಿದ್ರು?"

"ಯಾರೋ ಇದ್ರು ಬಿಡಮ್ಮ. ಅವ್ರ ಕತೆ ಯಾಕೆ?"

"ನಂಗೆ ಅವ್ರೇ ಬೇಕು" ಎಂದಳು. ಅಂಚಿನಲ್ಲಿ 'ಏಣಿ?' ಎಂದು ಬರೆದು ಎರಡು ಸುತ್ತು ಹಾಕಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಕೆಂಕೆರೆ ತನಕ ನಿಂತೇ ಬಂದೆ. ಸಿಟ್ಟಿಗೆ ಕಾಲುನೋವೂ ಗೊತ್ತಾಗಲಿಲ್ಲ.

ಜನವರಿ 9, ಗುರುವಾರ

'ಏಣಿಯನ್ನು ಭದ್ರವಾಗಿ ಹಿಡಿಯಲಾಗಿತ್ತು' ಎಂದು ತಿದ್ದಿದೆ. ತಾಲ್ಲೂಕು ಆಫೀಸಿನ ನೋಟೀಸಿನಂತಿದೆ.

'ಒಬ್ಬ ಗೆಳತಿ ಹಿಡಿದಿದ್ದಳು' ಎಂದು ಮಾಡಿದೆ. ಗೆಳತಿಯಂತೆ ಗೆಳತಿ! ಹೊಡೆದುಹಾಕಿದೆ.

ಜನವರಿ 12, ಭಾನುವಾರ

ಆಗಲಿ, ನಿಜವನ್ನೇ ಬರೆಯುತ್ತೇನೆ ಎಂದು ಹೊಸ ಹಾಳೆ ತೆಗೆದೆ. ಏಣಿ ಹಿಡಿಯುತ್ತಿದ್ದವಳು ನನ್ನ ಓರಗಿತ್ತಿ ಸಿದ್ದಗಂಗಮ್ಮ. ನನಗಿಂತ ಎರಡು ವರ್ಷ ಮೊದಲು ಈ ಮನೆಗೆ ಬಂದವಳು. ಕದಿಯುವ ಉಪಾಯವೂ ಅವಳದೇ. ನಾನು ಹಗುರ ಇದ್ದೆ, ಹತ್ತುತ್ತಿದ್ದೆ. ಅವಳು ಗಟ್ಟಿಯಿದ್ದಳು, ಹಿಡಿಯುತ್ತಿದ್ದಳು. ಕಾಯಿ ಸಿಕ್ಕಿದರೆ ಹಿತ್ತಲಿಗೆ ಒಯ್ದು ಒಡೆದು ಅರ್ಧರ್ಧ ತಿನ್ನುತ್ತಿದ್ದೆವು.

ಆಮೇಲೆ ಆ ದಿನ. ಬಿರುಬೇಸಿಗೆಯ ಮಧ್ಯಾಹ್ನ. ನಾನು ಅಟ್ಟದ ಮೂಲೆಯಲ್ಲಿ ಕಾಯಿ ಹುಡುಕುತ್ತಿದ್ದಾಗ, ತೋಟದಿಂದ ಸಂಜೆ ಬರಬೇಕಾದ ಅತ್ತೆ ಆಗಲೇ ಬಂದುಬಿಟ್ಟರು. ಬಗ್ಗಿ ನೋಡಿದರೆ ಕೆಳಗೆ ಏಣಿಯೂ ಇಲ್ಲ, ಸಿದ್ದಗಂಗಮ್ಮನೂ ಇಲ್ಲ! ತನ್ನ ತಲೆ ಉಳಿಸಿಕೊಳ್ಳಲು ಏಣಿ ಎತ್ತಿಕೊಂಡು ಓಡಿಹೋಗಿದ್ದಳು. ಕಾದ ಹೆಂಚಿನ ಕೆಳಗೆ, ಕಾಯಿಗಳ ನಡುವೆ, ಉಸಿರು ಬಿಗಿಹಿಡಿದು ದೀಪ ಹಚ್ಚುವ ಹೊತ್ತಿನ ತನಕ ಕೂತಿದ್ದೆ. ಕತ್ತಲಾಗುತ್ತಾ ಏಣಿ ಬಂತು. ಕೆಳಗೆ ನಿಂತು ಅವಳು ನಗುತ್ತಿದ್ದಳು. ನಾನು ಸಿಕ್ಕಿಬೀಳಲಿಲ್ಲ, ನಿಜ. ಆದರೆ ಮತ್ತೆಂದೂ ಕಾಯಿಗಾಗಿ ಅಟ್ಟ ಹತ್ತಲಿಲ್ಲ.

ಬರವಣಿಗೆ ಚೆನ್ನಾಗಿ ಬಂದಿದೆ. ಅವಳ ಬಂಡವಾಳ ಪುಸ್ತಕದಲ್ಲೇ ಬಯಲಾಗಲಿ. ಫೋಟೋ ತೆಗೆದು ಇಂಪನಾಗೆ ಕಳಿಸಿದೆ.

ಅವಳ ಉತ್ತರ ಬಂತು: 'ಈಗ ಜೀವ ಬಂತು ಆಂಟಿ. ಇನ್ನು ದಿನಾ ಒಂದು ಸಲ ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ಎಡವುತ್ತೋ ಅಲ್ಲಿ ತಿದ್ದಿ.'

ಜನವರಿ 14, ಮಂಗಳವಾರ. ಸಂಕ್ರಾಂತಿ

ಹಬ್ಬ ಚೆನ್ನಾಗಾಯಿತು. ಅವರೆಕಾಳಿನ ಹುಳಿ, ಸಿಹಿ ಪೊಂಗಲು. ಇವರು ಎರಡನೇ ಸಲ ಬಡಿಸಿಕೊಂಡರು, ಅಂದರೆ ಚೆನ್ನಾಗಿತ್ತು. ಬಾಯಿಬಿಟ್ಟು ಹೇಳುವವರಲ್ಲ.

ಸಂಜೆ ಎಳ್ಳು ಬೀರಲು ಬೀದಿಗೆಲ್ಲ ಹೋದೆ. ನಮ್ಮ ಬಾಗಿಲು ದಾಟಿದರೆ ಆಚೆ ಮನೆ ಬಾಗಿಲು, ಅಲ್ಲಿಗೆ ಬಂದಾಗ ತಟ್ಟೆಯ ಮೇಲಿನ ಬಟ್ಟೆ ಸರಿಮಾಡುವವಳಂತೆ ಬಗ್ಗಿಕೊಂಡು ಮುಂದಿನ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಇದ್ದಳೋ ಇಲ್ಲವೋ ನೋಡಲಿಲ್ಲ. ಇದ್ದಳು. ಹಸಿರು ಸೀರೆ ಉಟ್ಟಿದ್ದಳು.

ಜನವರಿ 16, ಗುರುವಾರ

ಊಟವಾಗಿ ಇವರು ತೋಟಕ್ಕೆ ಹೊರಟ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೂತು ಗಟ್ಟಿಯಾಗಿ ಓದುತ್ತಿದ್ದೇನೆ, ಇದು ಮೂರನೇ ದಿನ. ಮೊದಲ ದಿನ ನನ್ನ ದನಿಗೆ ನನಗೇ ನಾಚಿಕೆಯಾಗಿತ್ತು. ಈಗ ರೂಢಿಯಾಗಿದೆ, ಸ್ವಲ್ಪ ಹಿತವಾಗಿಯೂ ಇದೆ. ನಾಲಿಗೆ ಎಡವಿದಲ್ಲಿ ತಿದ್ದುತ್ತೇನೆ. 'ಭಯಭೀತಳಾಗಿ' ಹೋಗಿ 'ಹೆದರಿ' ಆಯಿತು. 'ಮಧ್ಯಾಹ್ನದ ಸುಡುಬಿಸಿಲಿನ ಉರಿತಾಪ' ಹೋಗಿ 'ಬಿಸಿಲು' ಆಯಿತು. ಬಿಸಿಲಿಗೆ ಅಷ್ಟು ಸಾಕು.

ಒಂದೇ ಕಾಟ. ನಾನು ಓದಲು ಶುರುಮಾಡಿದರೆ ಸಾಕು, ಅಟ್ಟದ ಮೇಲೆ ಇಲಿ ಓಡಾಡುತ್ತದೆ. ದಪ್ಪ ಇಲಿಯೇ ಇರಬೇಕು, ಅಟ್ಟಕ್ಕೆ ಹಾಸಿದ ಮರದ ಪಟ್ಟಿಗಳು ಕಿರ್ರೆನ್ನುತ್ತವೆ. ಓದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇವರಿಗೆ ಹೇಳಿ, ಬೆಳಿಗ್ಗೆ ಏಣಿ ಹಾಕಿಸಿ, ಸುಟ್ಟ ಕೊಬ್ಬರಿ ಚೂರು ಕಟ್ಟಿದ ಬೋನನ್ನು ಮೇಲೆ ಇಡಿಸಿದ್ದೇನೆ.

ಜನವರಿ 17, ಶುಕ್ರವಾರ

ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ಗೋಜಲಾಗುತ್ತದೆ.

ಮಧ್ಯಾಹ್ನ ಓದಲು ಕೂತೆ. ಅಟ್ಟದ ಮೇಲೆ ಕಿರ್ರ್ ಎಂದಿತು. ಬೋನಿಗೆ ಬೀಳುತ್ತದೆ, ಬೀಳಲಿ ಎಂದು ದನಿ ಏರಿಸಿದೆ. 'ತನ್ನ ತಲೆ ಉಳಿಸಿಕೊಳ್ಳಲು ಏಣಿ ಎತ್ತಿಕೊಂಡು ಓಡಿಹೋಗಿದ್ದಳು' ಎಂಬಲ್ಲಿಗೆ ಬಂದೆ.

"ಸುಳ್ಳು! ಸುಳ್ಳು ಕಣೇ ಅದು!"

ಅಟ್ಟದ ಪಟ್ಟಿಯ ಸಂದಿಯಿಂದ ದನಿ. ತಲೆ ಎತ್ತಿದರೆ ಸಂದಿಯಲ್ಲಿ ಹಸಿರು ಸೀರೆಯ ಅಂಚು.

"ಯಾರದು?" ಎಂದೆ. ಯಾರೆಂದು ಗೊತ್ತಿದ್ದೂ ಕೇಳಿದೆ.

"ಯಾರಾ? ಇಲಿ! ನಿನ್ ಬೋನಿಗೆ ಬೀಳ್ಬೇಕಾಗಿದ್ದ ಇಲಿ! ಅಲ್ಲ ಕಣೇ, ಕೊಬ್ಬರಿ ಅಟ್ಟದಲ್ಲಿ ಇಲಿ ಹಿಡಿಯೋಕೆ ಕೊಬ್ಬರಿ ಚೂರು ಕಟ್ಟಿದ್ದೀಯಲ್ಲ, ನಿಂಗೇನು ಹೇಳ್ಬೇಕು? ಇಲಿಗೆ ಇಲ್ಲಿ ಕೊಬ್ಬರಿಗೇನು ಬರವೇ?"

ನನಗೆ ನಗು ಬರುವುದರಲ್ಲಿತ್ತು, ತಡೆದುಕೊಂಡೆ. "ನನ್ ಮನೆ ಮಾತು ಕೇಳಿಸ್ಕೊಳ್ಳೋಕೆ ಅಟ್ಟ ಹತ್ತಿ ಕೂತಿದ್ದೀಯಲ್ಲ, ನಾಚ್ಕೆ ಆಗಲ್ವಾ?"

"ಊರಿಗೇ ಕೇಳೋ ಹಂಗೆ ಓದ್ತೀಯ, ಕೇಳಿಸ್ಕಂಡ್ರೆ ತಪ್ಪಾ? ಕೆಳಗಿಂದ ಅರ್ಧಂಬರ್ಧ ಕೇಳ್ತಿತ್ತು, ಅದ್ಕೇ ಮ್ಯಾಲೆ ಬಂದೆ. ದಿನಾ ಬತ್ತೀನಿ. ಚೆನ್ನಾಗೈತೆ ಅಂತ್ಲೇ ಬತ್ತಿದ್ದೆ. ಆದ್ರೆ ಸುಳ್ಳು ಬರ್ದು ಬುಕ್ಕಿಗೆ ಹಾಕ್ಬ್ಯಾಡ. ನಾನು ಓಡೋಗ್ಲಿಲ್ಲ."

"ಮತ್ತೆ ಏಣಿ ಎಲ್ಲೋಯ್ತು?"

"ನಾನೇ ಬಚ್ಚಿಟ್ಟೆ. ಕೊಟ್ಟಿಗೆ ಹಿಂದ್ಗಡೆ. ಏಣಿ ಅಲ್ಲೇ ಒರಗಿದ್ರೆ ಅತ್ತೆಮ್ಮ ತಲೆ ಎತ್ತಿ ನೋಡ್ತಿರ್ಲಿಲ್ವೇನೇ? ನೋಡಿದ್ರೆ ನಿನ್ ಕತೆ ಏನಾಗ್ತಿತ್ತು? ಬಂದು ಒಂದು ವರ್ಷ ಆಗಿರ್ಲಿಲ್ಲ ನೀನು. ಏಣಿ ಎಲ್ಲಿ ಅಂತ ಕೇಳಿದ್ಕೆ ಬೀದಿ ಕೊನೆ ಮನೆಯೋರು ಇಸ್ಕಂಡೋದ್ರು ಅಂದೆ. ನೀನೆಲ್ಲಿ ಅಂದಿದ್ಕೆ ಬಟ್ಟೆ ಒಗಿಯಕ್ಕೆ ಹೋಗವ್ಳೆ ಅಂದೆ. ನಮ್ ಹಣೆಬರಕ್ಕೆ ಆವಮ್ಮ ಮೊರ ತಗಂಡು ಇದೇ ನಡುಮನೇಲಿ ರಾಗಿ ಕೇರ್ತಾ ಕೂತ್ಕಂಡ್ಲು, ಏಳ್ಲೇ ಇಲ್ಲ. ಹೆಂಗೆ ತರ್ಲಿ ಏಣಿಯ? ಮ್ಯಾಲೆ ನೀನು ಬೆಂದೋಗ್ತಿದ್ದೀಯ ಅಂತ ನಂಗೆ ಮುದ್ದೆ ಗಂಟಲಲ್ಲಿ ಇಳೀಲಿಲ್ಲ ಕಣೇ ಆವತ್ತು."

"ಮತ್ತೆ ಏಣಿ ತಂದಾಗ ನಕ್ಕಿದ್ಯಾಕೆ?"

"ಉಳ್ಕಂಡ್ವಲ್ಲ ಅಂತ ನಕ್ಕೆ! ನಿಂಗೆ ಎಲ್ಲಾ ಗೊತ್ತಾಗಿರ್ತದೆ ಅಂದ್ಕಂಡಿದ್ದೆ. ಮ್ಯಾಲೇ ಇದ್ದೆಯಲ್ಲ, ಕೇಳಿಸ್ಲಿಲ್ವಾ?"

ಮೊರದ ಸದ್ದು. ಅಟ್ಟದಲ್ಲಿ ಕೂತ ನನಗೆ ಆವತ್ತು ಕೇಳಿಸಿದ್ದು ಅದೊಂದೇ. ಅವರಿಬ್ಬರ ಮಾತು ಹಿತ್ತಲಲ್ಲೇ ಆಗಿಹೋಗಿರಬೇಕು. ಸಿಟ್ಟು ಬಂದಾಗಲೆಲ್ಲ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿರುತ್ತದೆ. ಮೇಲಿಂದ ಪಟ್ಟಿ ಕಿರ್ರೆಂದಿತು, ಆಚೆ ಏಣಿಯ ಮೆಟ್ಟಿಲು ಒಂದೊಂದಾಗಿ ಸದ್ದು ಮಾಡಿತು. ಗಂಗಕ್ಕ ಇಳಿದುಹೋದಳು.

ಜನವರಿ 18, ಶನಿವಾರ

ಏನೂ ಬರೆಯಲಿಲ್ಲ. ಬೋನು ತೆಗೆಸಿದೆ.

ಜನವರಿ 20, ಸೋಮವಾರ

ಆ ಪ್ಯಾರಾವನ್ನು ಪೂರ್ತಿ ಕಿತ್ತು ಹೊಸದಾಗಿ ಬರೆದೆ. ವಿಚಿತ್ರವೆಂದರೆ ಬದಲಾಯಿಸಬೇಕಾಗಿದ್ದು ಹೆಚ್ಚೇನಿರಲಿಲ್ಲ. ಏಣಿ ಹೋದದ್ದು ಹಾಗೇ ಇದೆ, ಬಿಸಿಲು ಹಾಗೇ ಇದೆ, ಮೊರದ ಸದ್ದು ಮಾತ್ರ ಹೊಸದಾಗಿ ಸೇರಿತು. ಆದರೆ ಮೇಲೆ ಕೂತವಳ ಹೊಟ್ಟೆಯಲ್ಲಿ ಈಗ ಕಿಚ್ಚಿಲ್ಲ. ಓದಿದರೆ ನಗು ಬರುತ್ತದೆ.

ಮಧ್ಯಾಹ್ನ ಚಾಪೆ ಹಾಸಿ ಕೂತೆ. ಮೇಲೆ ಸದ್ದಿಲ್ಲ. ಗಂಟಲು ಸರಿಮಾಡಿಕೊಂಡೆ. ಸದ್ದಿಲ್ಲ. ಕೊನೆಗೆ, "ಓದ್ತೀನಿ" ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಓದು, ಓದು. ಕೆಳಗೇ ಕೂತಿದ್ದೀನಿ. ಮೊಣಕಾಲು ನೋವು, ದಿನಾ ಹತ್ತಕ್ಕಾಗಲ್ಲ" ಎಂದು ಆಚೆಯಿಂದ ಬಂತು.

ಓದಿದೆ. ಗೋಡೆಯ ಆಚೆ ಅವರೆಕಾಯಿ ಸುಲಿಯುವ ಸದ್ದು ನಿಂತು ನಿಂತು ಕೇಳುತ್ತಿತ್ತು. ನಿಂತಾಗ ಚೆನ್ನಾಗಿದೆ ಎಂದು ಅರ್ಥ ಮಾಡಿಕೊಂಡೆ.

ಜನವರಿ 22, ಬುಧವಾರ

ಇಂಪನಾ ಒಬ್ಬಳ ಪೆನ್ಸಿಲ್ಲೇ ಸಾಕಾಗಿತ್ತು, ಈಗ ಗಂಗಕ್ಕನ ಬಾಯಿಯೂ ಸೇರಿತು.

"ಅತ್ತೆಮ್ಮ ಹಂಗೆ ಮಾತಾಡ್ತಿದ್ರಾ? 'ಸೊಸೆಯೇ, ಎಲ್ಲಿರುವೆ' ಅಂತ? ನಾಟಕದ ರಾಣಿನಾ ಅವ್ರು? 'ಎಲ್ಲಿ ಹಾಳಾಗೋದೆ' ಅಂತಿದ್ರು."

"ಸತ್ತೋರ ಬಗ್ಗೆ ಹಂಗೆ ಬರ್ಯೋಕಾಗತ್ತಾ ಅಕ್ಕ?"

"ಸತ್ತೋರು ಬದುಕಿದ್ದಾಗ ಹಂಗೇ ಅಂತಿದ್ರಲ್ಲ. ಹಂಗೆ ಬರುದ್ರೇನೇ ಅವ್ರು ಕಾಣೋದು. ನಿಂದ್ರಲ್ಲಿ ಯಾರೋ ಬ್ಯಾರೆ ಅತ್ತೆ ಅವ್ರೆ."

'ಎಲ್ಲಿ ಹಾಳಾಗೋದೆ' ಎಂದೇ ಬರೆದೆ. ಬರೆದ ಕೂಡಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತರು. ಕಣ್ಣಲ್ಲಿ ನೀರು ಬಂತು. ಎಷ್ಟು ಬೈದಿದ್ದಾರೆ ನನ್ನನ್ನು, ಆದರೂ ಬಂತು.

ಆಮೇಲೆ ನನ್ನ ಸೀರೆಯ ಬಣ್ಣಕ್ಕೆ ಜಗಳವಾಯಿತು. ನಾನು ನೀಲಿ ಎಂದೆ, ಅವಳು ಕಾಫಿಪುಡಿ ಬಣ್ಣ ಎಂದಳು. ಬಣ್ಣವನ್ನೇ ತೆಗೆದುಹಾಕಿದೆ. ಆಚೆಯಿಂದ, "ಹೋಗ್ಲಿ ಬುಡು, ನೀಲಿನೇ ಇರ್ಬೌದು" ಎಂದಳು. ಇಷ್ಟು ಸುಲಭವಾಗಿ ಅವಳು ಸೋತದ್ದನ್ನು ನಾನು ನೋಡೇ ಇಲ್ಲ.

ಇನ್ನೊಂದು ವಿಷಯ. ಕೂತು ಬರೆದು ಸೊಂಟ ಹಿಡಿದಿದೆ ಎಂದು ನನ್ನಷ್ಟಕ್ಕೆ ನರಳಿದೆ. ಸಂಜೆ ಜಗಲಿಯ ಮೇಲೆ ನೋವಿನೆಣ್ಣೆಯ ಬಾಟಲಿ ಇತ್ತು. ಯಾರು ಇಟ್ಟರೆಂದು ಇವರಿಗೆ ಗೊತ್ತಿಲ್ಲವಂತೆ.

ಜನವರಿ 24, ಶುಕ್ರವಾರ

ಹಲಗೆಗಳು ಬಂದಿವೆ. ಭಾವ ಟ್ರ್ಯಾಕ್ಟರಿನಲ್ಲಿ ತಂದು ಅಂಗಳದಲ್ಲಿ ಒರಗಿಸಿದ್ದಾರೆ. ಬುಧವಾರ ದುರ್ಗಯ್ಯ ಬಂದು ಅಟ್ಟದಲ್ಲಿ ತೊಲೆಯಿಂದ ಹೆಂಚಿನ ತನಕ ಅಡ್ಡ ಹೊಡೆದುಕೊಡುತ್ತಾನಂತೆ.

"ಈಗ ಯಾಕ್ರೀ ಅದೆಲ್ಲ?" ಎಂದೆ.

"ನೀನೇ ಹಾಕಿಸ್ಲಿ ಅಂದಿದ್ದೆ, ನೆಮ್ಮದಿ ಅಂದಿದ್ದೆ" ಎಂದರು ಇವರು.

ಅಂದಿದ್ದೆನಾ? ನನಗೆ ನೆನಪಿಲ್ಲ. ಅಡ್ಡ ಹಾಕಿದರೆ ಅಟ್ಟಕ್ಕೆ ಗಾಳಿಯಾಡುವುದಿಲ್ಲ, ಕಾಯಿ ಮುಗ್ಗುಲು ಹಿಡಿಯುತ್ತದೆ. ನನಗೆ ಅದರದ್ದೇ ಚಿಂತೆ.

ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ಕೂತು, "ಅಕ್ಕ, ಹಲಗೆ ಬೇಕಾ?" ಎಂದು ಕೇಳಿದೆ.

"ನಾನೇ ಹಟ ಮಾಡಿ ತರ್ಸಿದ್ದೀನಿ. ಆರು ತಿಂಗಳಿಂದ ನಿಮ್ ಭಾವನ ತಲೆ ತಿಂದಿದ್ದೀನಿ. ಈಗ ಬ್ಯಾಡ ಅಂದ್ರೆ ಜೀವಮಾನ ಪೂರ್ತಿ ಆಡ್ಕಂಡು ನಗ್ತಾರೆ ಕಣೇ."

"ನಗ್ಲಿ."

"ನೀನು ಹೇಳ್ತೀಯ. ನಿಂಗೆ ನಿಮ್ ಭಾವ ಗೊತ್ತಿಲ್ಲ."

ಓದು ಎಂದು ಅವಳೂ ಹೇಳಲಿಲ್ಲ, ನಾನೂ ಓದಲಿಲ್ಲ.

ಜನವರಿ 27, ಸೋಮವಾರ

ಇಂಪನಾ ಮನೆಗೇ ಬಂದಿದ್ದಳು. ಕಾಫಿ ಕುಡಿದು ಪೂರ್ತಿ ಓದಿದಳು. ಏಣಿ ಬಚ್ಚಿಟ್ಟ ಕಡೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಬಾಳೆಕಾಯಿ ಹೆಚ್ಚುವ ನೆಪದಲ್ಲಿ ಅಡುಗೆಮನೆ ಬಾಗಿಲಿಂದ ನೋಡುತ್ತಿದ್ದೆ. ಇದಕ್ಕಿಂತ ಸ್ಟೀಲ್ ಲೋಟ ಏನು ದೊಡ್ಡದು!

ಕೊನೆಯ ಪ್ಯಾರಾಕ್ಕೆ ಮಾತ್ರ ಗೆರೆ ಎಳೆದಳು. 'ಹೀಗೆ ಅಟ್ಟವೆಂಬುದು ಕುಟುಂಬದ ಒಗ್ಗಟ್ಟಿನ ಸಂಕೇತವಾಗಿ ಶೋಭಿಸುತ್ತದೆ' ಎಂದಿತ್ತು.

"ಆಂಟಿ, ಇದು ಕಲ್ಪವೃಕ್ಷದ ತಮ್ಮ."

"ಮತ್ತೆ ಹೆಂಗಮ್ಮ ಮುಗಿಸ್ಲಿ?"

"ಮೊಳಕೆ ಕಾಯಿಗಾಗಿ ಮತ್ತೆಂದೂ ಅಟ್ಟ ಹತ್ತಲಿಲ್ಲ ಅಂತ ಇದೆಯಲ್ಲ, ಅಲ್ಲಿಗೇ ನಿಲ್ಲಿಸ್ಬಹುದು. ಬೇರೆ ಏನಾದ್ರೂ ಸಿಕ್ಕಿದ್ರೆ ಶುಕ್ರವಾರದೊಳಗೆ ಕೊಡಿ" ಎಂದು ಹೊರಟಳು. ಅಂಗಳದ ಹಲಗೆ ನೋಡಿ, "ಏನು ಕೆಲ್ಸ ನಡೀತಿದೆ?" ಎಂದಳು. ನಾನು ಏನೂ ಇಲ್ಲ ಎಂದೆ.

ಅಲ್ಲಿಗೇ ನಿಲ್ಲಿಸಲು ನನಗೆ ಮನಸ್ಸಿಲ್ಲ. ಒಗ್ಗಟ್ಟನ್ನು ಹೊಡೆದುಹಾಕಿ ಜಾಗ ಖಾಲಿ ಬಿಟ್ಟಿದ್ದೇನೆ.

ಜನವರಿ 29, ಬುಧವಾರ

ಇದನ್ನು ಅಟ್ಟದ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ತಿಂಡಿಯಾಗಿ ಇವರೂ ಭಾವನೂ ಅಂಗಳದಲ್ಲಿ ಹಲಗೆ ಅಳೆಯುತ್ತಿದ್ದರು. ಹಿತ್ತಲ ಬಾಗಿಲಿಂದ ಅಕ್ಕ ಒಳಗೆ ಬಂದಳು. ಒಂದು ವರ್ಷದ ಮೇಲೆ ನಮ್ಮ ಮನೆಯೊಳಗೆ! ನಾನು ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತೆ. ಬಾ ಎನ್ನುವುದಕ್ಕೂ ಅವಳು ಕಾಯಲಿಲ್ಲ.

"ಮಂಗಳಾ, ಅಟ್ಟ ಹತ್ತು. ಆವತ್ತು ಮ್ಯಾಲೆ ಕೂತಿದ್ದಾಗ ನಿಮ್ ಕಡೆ ಮೂಲೇಲಿ ಒಂದು ಮೊಳಕೆ ಕಾಯಿ ನೋಡಿದ್ದೀನಿ. ನಾನು ಏಣಿ ಹಿಡ್ಕತೀನಿ."

"ಈಗ್ಲಾ? ದುರ್ಗಯ್ಯ ಬರೋ ಹೊತ್ತಲ್ವಾ?"

"ಅದ್ಕೇ ಹೇಳಿದ್ದು ಹತ್ತು ಅಂತ. ನಿನ್ ಬರ್ಯೋದೂ ತಗಂಡೋಗು. ಹೊತ್ತಾಗ್ತದೆ."

ಯಾಕೆ ಹೊತ್ತಾಗುತ್ತದೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಪ್ರಬಂಧವನ್ನೂ ಈ ದಿನಚರಿಯನ್ನೂ ಬಗಲಿಗಿಟ್ಟುಕೊಂಡು ಹತ್ತಿದೆ. ನಾನೀಗ ಹಗುರ ಇಲ್ಲ, ಏಣಿ ನಡುಗಿತು. ಅಕ್ಕನ ಕೈ ನಡುಗಲಿಲ್ಲ. ಮೂಲೆಯಲ್ಲಿ ಕಾಯಿ ಇತ್ತು, ಹಸಿರು ಮೊಳಕೆ ಒಂದು ಗೇಣು ಎದ್ದಿದೆ. ಸಿಕ್ಕಿತು ಎನ್ನಲು ಬಗ್ಗಿದರೆ ಕೆಳಗೆ ಏಣಿಯೂ ಇಲ್ಲ, ಅಕ್ಕನೂ ಇಲ್ಲ.

ಒಂದು ಗಳಿಗೆ ಏಣಿ ಇದ್ದ ಜಾಗವನ್ನೇ ನೋಡಿದೆ. ಆಮೇಲೆ ಅರ್ಥವಾಯಿತು.

ದುರ್ಗಯ್ಯನ ಮೊಪೆಡ್ ಬಂತು. ಕೆಳಗಿನ ಮಾತನ್ನೆಲ್ಲ ಕೇಳಿದಂತೆ ಬರೆಯುತ್ತಿದ್ದೇನೆ.

"ಏಣಿ ಎಲ್ಲಿ ಅಯ್ಯಾವ್ರೆ?" ದುರ್ಗಯ್ಯ.

"ಎರಡು ಮನೇವೂ ಇಲ್ಲ ಕಣಪ್ಪ" ಅಕ್ಕ. "ಬೀದಿ ಕೊನೆ ಮನೆಯೋರು ಇಸ್ಕಂಡೋದ್ರು."

"ಎರಡೂ ಯಾಕೆ?" ಭಾವ. "ನಿನ್ನೆ ಸಂಜೆ ಕೊಟ್ಟಿಗೇಲಿತ್ತಲ್ಲ?"

"ನಂಗೇನು ಗೊತ್ತು, ಅವರ್ನೇ ಕೇಳ್ಕಳಿ."

"ಮಂಗಳಾ ಎಲ್ಲಿ?" ಇವರು.

"ಬಟ್ಟೆ ಒಗಿಯಕ್ಕೆ ಹೋಗವ್ಳೆ."

ನನಗೆ ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ಮನೆಗೆ ವಾಷಿಂಗ್ ಮೆಷಿನ್ ಬಂದು ಎಷ್ಟೋ ವರ್ಷವಾಗಿದೆ. ಇವರು ಸರಿ ಎಂದರು. ಈ ಮನೆಯ ಗಂಡಸರಿಗೆ ಅಷ್ಟೂ ಗೊತ್ತಾಗುವುದಿಲ್ಲ.

ದುರ್ಗಯ್ಯನಿಗೆ ಹೊತ್ತಾಗುತ್ತಿತ್ತು. ಬೇರೆ ಕಡೆಯೂ ಕೆಲಸವಿದೆಯಂತೆ. ಹಲಗೆ ಕೊಯ್ಸಿ ಆಗಿದೆ, ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ಏನು ಮಾಡೋಣ ಎಂದ. ಆಮೇಲೆ ಅಕ್ಕನ ದನಿ ಬಂತು, ಅಟ್ಟಕ್ಕೆ ಕೇಳಬೇಕೆಂದೇ ಗಟ್ಟಿಯಾಗಿ:

"ಒಂದು ಮೇಜು ಮಾಡು. ನಮ್ ಮಂಗಳಾ ನೆಲದ ಮ್ಯಾಲೆ ಕೂತು ಬರ್ದು ಬರ್ದು ಸೊಂಟ ಹಿಡ್ಕಂಡೈತೆ. ಇಲ್ಲೇ ಅಂಗಳದಲ್ಲೇ ಮಾಡು, ಏಣಿ ಬೇಕಾಗಿಲ್ಲ."

"ಮತ್ತೆ ಅಟ್ಟಕ್ಕೆ?" ಭಾವ. "ಆರು ತಿಂಗಳಿಂದ ಅಡ್ಡ, ಅಡ್ಡ ಅಂತ ನನ್ ಪ್ರಾಣ ತಿಂದ್ಯಲ್ಲ?"

"ಅಟ್ಟಕ್ಕೇನಾಗೈತೆ? ತೊಲೆ ಐತಲ್ಲ. ನಗೋದಾದ್ರೆ ನಗ್ರಿ, ನಿಂತ್ಕಂಡು ನೋಡ್ಬ್ಯಾಡಿ."

ಭಾವ ನಕ್ಕರು. ನಿಜವಾಗಿಯೂ ಜೋರಾಗಿಯೇ ನಕ್ಕರು. ಇವರೂ ಸೇರಿಕೊಂಡರು.

ಈಗ ಅಂಗಳದಲ್ಲಿ ಗರಗಸದ ಸದ್ದು. ಹೆಂಚು ಸ್ವಲ್ಪ ಬೆಚ್ಚಗಾಗಿದೆ, ಜನವರಿಯ ಬಿಸಿಲು, ಹಿತವಾಗಿದೆ. ಕಾಯಿ ನನ್ನ ಮಡಿಲಲ್ಲಿದೆ. ಒಡೆಯಬಾರದು ಎಂದು ಅತ್ತೆ ಹೇಳಿದ್ದು ಗೊತ್ತು, ಇವತ್ತೊಂದು ದಿನ ಕ್ಷಮಿಸಲಿ. ಅರ್ಧ ನನಗೆ, ಅರ್ಧ ಅಕ್ಕನಿಗೆ.

ಪ್ರಬಂಧದಲ್ಲಿ 'ಮತ್ತೆಂದೂ ಅಟ್ಟ ಹತ್ತಲಿಲ್ಲ' ಎಂಬ ಸಾಲನ್ನು ಹೊಡೆದುಹಾಕಿದೆ. ಖಾಲಿ ಬಿಟ್ಟಿದ್ದ ಜಾಗದಲ್ಲಿ 'ಏಣಿ ಹಿಡಿದವರು ನಮ್ಮಕ್ಕ' ಎಂದಷ್ಟೇ ಬರೆದೆ. ಗಟ್ಟಿಯಾಗಿ ಓದಿ ನೋಡುವಂತಿಲ್ಲ, ಕೆಳಗೆ ಕೇಳುತ್ತದೆ. ಮನಸ್ಸಿನಲ್ಲೇ ಓದಿಕೊಂಡೆ, ನಾಲಿಗೆ ಎಲ್ಲೂ ಎಡವಲಿಲ್ಲ.

ಹೆಂಚಿನ ಸಂದಿಯ ಬಿಸಿಲು ಆಗಲೇ ತೊಲೆಯನ್ನು ದಾಟಿ ಅವರ ಕಡೆಯ ಕಾಯಿಗಳ ಮೇಲೆ ಬಿದ್ದಿದೆ. ಅಕ್ಕ ಇನ್ನೂ ಏಣಿ ತಂದಿಲ್ಲ. ತರುತ್ತಾಳೆ. ಅವಸರವೇನಿಲ್ಲ.